ಹಿತ್ತಲ ಕೋಳಿಗೆ ವಿಟಮಿನ್ ಎಷ್ಟು, ಲಸಿಕೆ ಎಷ್ಟು

ಎಂಟೋ ಹತ್ತೋ ನಾಟಿ ಕೋಳಿ ಸಾಕಿಕೊಂಡವರ ಮನೆಯ ಕಿಟಕಿಯಲ್ಲಿ ಈಗೀಗ ಒಂದು ಸೀಸೆ ಕಾಣುತ್ತದೆ. ಅದು ವಿಟಮಿನ್ ಟಾನಿಕ್. ಕೋಳಿ ತೂಕಡಿಸಿದರೆ ನಾಲ್ಕು ಹನಿ, ಮೊಟ್ಟೆ ಕಡಿಮೆಯಾದರೆ ನಾಲ್ಕು ಹನಿ, ಕತ್ತು ತಿರುಚಿಕೊಂಡರೆ ಇನ್ನೂ ನಾಲ್ಕು. ಆ ಸೀಸೆಯ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಅದರಿಂದ ಆಗುವ ಕೆಲಸ ಯಾವುದು, ಆಗದ ಕೆಲಸ ಯಾವುದು ಎಂದು ತಿಳಿಯದೆ ಹೋದರೆ ದುಡ್ಡೂ ಹೋಗುತ್ತದೆ, ಕೋಳಿಯೂ ಹೋಗುತ್ತದೆ.

ನಿಜ ಹೇಳಬೇಕೆಂದರೆ, ವಿಟಮಿನ್ ಎಂಬುದೊಂದು ಇದೆ ಎಂದು ಮನುಷ್ಯನಿಗೆ ತೋರಿಸಿಕೊಟ್ಟದ್ದೇ ಕೋಳಿ. 1890ರ ಸುಮಾರಿಗೆ ಜಾವಾ ದ್ವೀಪದ ಬಟಾವಿಯಾದಲ್ಲಿ, ಅಂದರೆ ಇವತ್ತಿನ ಜಕಾರ್ತಾದಲ್ಲಿ, ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ಎಂಬ ಕಾಯಿಲೆಯ ರೋಗಾಣುವನ್ನು ಹುಡುಕುತ್ತಿದ್ದರು. ಪ್ರಯೋಗಕ್ಕೆಂದು ಸಾಕಿದ್ದ ಕೋಳಿಗಳಿಗೆ ಇದ್ದಕ್ಕಿದ್ದಂತೆ ಕಾಲು ಸೋತಿತು. ನಿಲ್ಲಲಾರದೆ ಒರಗಿದವು. ಕೆಲವು ತಿಂಗಳ ಮೇಲೆ, ಯಾವ ಔಷಧವನ್ನೂ ಕೊಡದೆ, ಎಲ್ಲವೂ ಸರಿಹೋದವು! ವಿಚಾರಿಸಿದಾಗ ತಿಳಿದದ್ದು ಇಷ್ಟು. ಕೋಳಿ ನೋಡಿಕೊಳ್ಳುವವನು ಸೈನಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನವನ್ನು ತಂದು ಹಾಕುತ್ತಿದ್ದ. ಆಮೇಲೆ ಹೊಸ ಅಡುಗೆಯವನು ಬಂದ. ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡುವುದಿಲ್ಲ ಎಂದುಬಿಟ್ಟ. ಕೋಳಿಗಳು ಅಗ್ಗದ, ಪಾಲಿಶ್ ಆಗದ ಅಕ್ಕಿಗೆ ಹಿಂದಿರುಗಿದವು, ಬದುಕಿಕೊಂಡವು. ಅಕ್ಕಿಯ ಮೇಲಿನ ಕೆಂಪು ಪೊರೆಯಲ್ಲಿ, ಅಂದರೆ ನಾವು ತೌಡು ಎಂದು ಬೇರೆ ತೆಗೆಯುವ ಭಾಗದಲ್ಲಿ, ಏನೋ ಒಂದಿದೆ ಎಂದು ಐಕ್‌ಮನ್ ಕಂಡುಕೊಂಡರು. ಆ ಏನೋ ಒಂದು ಬಿ-1 ವಿಟಮಿನ್. 1929ರಲ್ಲಿ ಅವರಿಗೆ ನೊಬೆಲ್ ಬಂತು. ಇಂಥ ಕಥೆ ಒಂದೇ ಅಲ್ಲ. ಕೊಬ್ಬಿಲ್ಲದ ಮೇವು ತಿಂದ ಕೋಳಿಮರಿಗಳಿಗೆ ರಕ್ತ ಹೆಪ್ಪುಗಟ್ಟದೆ ಸೋರುವುದನ್ನು ಕಂಡೇ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಕೆ ವಿಟಮಿನ್ನಿನ ಜಾಡು ಹಿಡಿದರು.

ಅಂದಮೇಲೆ ಕೋಳಿಗೆ ವಿಟಮಿನ್ ಬೇಡ ಎನ್ನುವಂತಿಲ್ಲ. ಪ್ರಶ್ನೆ ಇರುವುದು ಅದು ಎಲ್ಲಿಂದ ಬರಬೇಕು ಎಂಬುದರಲ್ಲಿ.

ಬೆಳಿಗ್ಗೆ ಗೂಡಿನಿಂದ ಬಿಟ್ಟ ಹೇಂಟೆ ಸಂಜೆಯವರೆಗೆ ಏನು ಮಾಡುತ್ತದೆ, ನೋಡಿ. ಎಳೆ ಗರಿಕೆಯನ್ನೂ ಸೊಪ್ಪನ್ನೂ ಕುಕ್ಕುತ್ತದೆ. ಅದರಲ್ಲಿರುವ ಕ್ಯಾರೊಟಿನ್ ಒಡಲೊಳಗೆ ಎ ವಿಟಮಿನ್ ಆಗುತ್ತದೆ. ಬಿಸಿಲಿಗೆ ರೆಕ್ಕೆ ಹರಡಿ ಮಲಗುತ್ತದೆ, ಪುಕ್ಕವಿಲ್ಲದ ಕಾಲಿನ ಚರ್ಮದಲ್ಲಿ ಡಿ-3 ತಯಾರಾಗುತ್ತದೆ. ಹುಳ ಹುಪ್ಪಟೆ, ಗೆದ್ದಲು ಹೆಕ್ಕುತ್ತದೆ. ಅದು ತಿಪ್ಪೆ ಕೆದಕುವುದನ್ನು ನಾವು ಹೊಲಸು ಅಂದುಕೊಳ್ಳುತ್ತೇವೆ. ಆದರೆ ಬಿ-12 ಅನ್ನು ಯಾವ ಗಿಡವೂ ತಯಾರಿಸುವುದಿಲ್ಲ, ಸೂಕ್ಷ್ಮಜೀವಿಗಳು ತಯಾರಿಸುತ್ತವೆ. ಕೋಳಿಗೆ ಅದು ಸಿಗುವುದು ಆ ತಿಪ್ಪೆಯಲ್ಲೇ, ಆ ಹುಳುಗಳಲ್ಲೇ. ಇನ್ನು ಸಿ ವಿಟಮಿನ್ ವಿಚಾರದಲ್ಲಿ ಕೋಳಿ ನಮಗಿಂತ ಅನುಕೂಲಸ್ಥ. ತನಗೆ ಬೇಕಾದಷ್ಟನ್ನು ತನ್ನ ಮೂತ್ರಪಿಂಡದಲ್ಲೇ ತಯಾರಿಸಿಕೊಳ್ಳುತ್ತದೆ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮಾತ್ರ ಆ ತಯಾರಿಕೆ ಸಾಲದೆ ಬರಬಹುದು. ಆಗ ನೀರಿನಲ್ಲಿ ಸ್ವಲ್ಪ ಬೆರೆಸಿ ಕೊಡುವುದರಲ್ಲಿ ಅರ್ಥವಿದೆ.

ಹೀಗೆ ಅಡ್ಡಾಡಿ ಮೇಯುವ ನಾಟಿ ಕೋಳಿಗೆ ಸೀಸೆಯ ಅಗತ್ಯ ಬಹಳ ಕಡಿಮೆ. ಅಗತ್ಯ ಬೀಳುವುದು ಬೇರೆಯವಕ್ಕೆ. ಬೆಂಗಳೂರಿನ ತಾರಸಿಯ ಮೇಲೆ ಪಂಜರದಲ್ಲಿ ಕೂತು ಬರೀ ಅಕ್ಕಿನುಚ್ಚು ತಿನ್ನುವ ಕೋಳಿಗೆ ತೌಡಿಲ್ಲ, ಸೊಪ್ಪಿಲ್ಲ, ತಿಪ್ಪೆಯಿಲ್ಲ, ಸರಿಯಾಗಿ ಬಿಸಿಲೂ ಇಲ್ಲ. ಅದರ ಕಣ್ಣಿನಲ್ಲಿ ಗಿಣ್ಣಿನಂಥ ಬಿಳಿ ಗಟ್ಟಿ ಸೇರಿಕೊಂಡರೆ ಎ ಕೊರತೆಯ ಅನುಮಾನ ಪಡಬೇಕು. ಮರಿಗಳ ಕಾಲ್ಬೆರಳು ಒಳಕ್ಕೆ ಮುದುರಿ, ಹಿಮ್ಮಡಿಯ ಮೇಲೆ ಕೂತು ತೆವಳಿದರೆ ಬಿ-2 ಕೊರತೆ. ಬೇಗ ಗುರುತಿಸಿದರೆ ಸರಿಹೋಗುತ್ತದೆ, ತಡವಾದರೆ ಬೆರಳು ಹಾಗೇ ನಿಲ್ಲುತ್ತದೆ. ಇಂಥ ಕೋಳಿಗಳಿಗೂ ಮೊದಲ ಮದ್ದು ಮೇವೇ. ನುಚ್ಚಿಗೆ ಹೊಸ ತೌಡು ಬೆರೆಸಿ. ಬಿಳಿ ಜೋಳದ ಜೊತೆಗೆ ಹಳದಿ ಮುಸುಕಿನ ಜೋಳವೂ ಇರಲಿ. ನುಗ್ಗೆಸೊಪ್ಪನ್ನು ಹೆಚ್ಚಿ ಹಾಕಿ, ಬೆಳೆಸಲು ತೊಟ್ಟಿ ಇದ್ದರೆ ಅಜೋಲಾ ಹಾಕಿ. ಉಳಿದ ಮಜ್ಜಿಗೆಯಲ್ಲಿ ಬಿ-2 ಇದೆ, ಚೆಲ್ಲಬೇಡಿ. ತೌಡು ಹಳತಾಗಿ ಕಮಟು ವಾಸನೆ ಹೊಡೆದರೆ ಅದರಲ್ಲಿರುವ ಇ ವಿಟಮಿನ್ ಕೆಟ್ಟಿದೆ ಎಂದೇ ಲೆಕ್ಕ. ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅದನ್ನು ಕೋಳಿಗೆ ಹಾಕಲೇಬೇಡಿ. ಬೂಷ್ಟಿನ ವಿಷ ನೇರವಾಗಿ ಪಿತ್ತಜನಕಾಂಗವನ್ನು ಹಿಡಿಯುತ್ತದೆ.

ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜದಂಥ ತಳಿ ಸಾಕಿದವರು ಸುಣ್ಣದ ಅಂಶವನ್ನೂ ನೋಡಬೇಕು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ನಾಟಿಗಿಂತ ಎರಡು ಪಟ್ಟು ಮೊಟ್ಟೆ ಇಡುವ ಹೇಂಟೆಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ಅದೇ ತಿಂದುಕೊಳ್ಳುತ್ತದೆ. ಬೆಳೆಯುವ ಮರಿಗಳ ಮೇವಿಗೆ ಮಾತ್ರ ಅದನ್ನು ಬೆರೆಸಬೇಡಿ, ಮೂತ್ರಪಿಂಡ ಕೆಡುತ್ತದೆ.

ಈಗ ಕತ್ತು ತಿರುಚಿದ ಕೋಳಿಗೆ ಬರೋಣ. ಎಲ್ಲ ಎಡವಟ್ಟೂ ಆಗುವುದು ಇಲ್ಲೇ. ಬಿ-1 ಕೊರತೆಯಾದ ಕೋಳಿ ತಲೆಯನ್ನು ಹಿಂದಕ್ಕೆ ಎಳೆದುಕೊಂಡು ಆಕಾಶ ನೋಡುತ್ತದೆ. ಇ ಕೊರತೆಯಾದ ಮರಿ ಕತ್ತು ತಿರುಚಿ ಉರುಳಾಡುತ್ತದೆ. ಕೊಕ್ಕರೆ ರೋಗ ಬಂದ ಕೋಳಿಯೂ ಕತ್ತು ತಿರುಚುತ್ತದೆ. ಕಣ್ಣಿಗೆ ಮೂರೂ ಒಂದೇ. ಗುರುತು ಹಿಡಿಯಲು ಆ ಒಂದು ಕೋಳಿಯನ್ನು ನೋಡಿದರೆ ಸಾಲದು, ಗೂಡಿನ ಉಳಿದ ಕೋಳಿಗಳನ್ನೂ ಪಕ್ಕದ ಮನೆಯ ಕೋಳಿಗಳನ್ನೂ ನೋಡಬೇಕು. ಒಂದಕ್ಕೆ ಮಾತ್ರ ಆಗಿ, ಉಳಿದವು ಚುರುಕಾಗಿದ್ದು, ಬಿ-1 ಕೊಟ್ಟ ದಿನದೊಳಗೆ ತಲೆ ಎತ್ತಿದರೆ ಅದು ಕೊರತೆ. ಹಸಿರು ಬಿಳಿ ಭೇದಿ, ಬಾಯಿ ತೆರೆದು ಎಳೆಯುವ ಉಸಿರು, ಎರಡು ಮೂರು ದಿನದಲ್ಲಿ ಒಂದಾದ ಮೇಲೊಂದು ಸಾವು, ಇವು ಕಂಡರೆ ಕೊಕ್ಕರೆ ರೋಗ. ಅದು ವೈರಸ್ಸಿನ ಕೆಲಸ. ಅದಕ್ಕೆ ಔಷಧವಿಲ್ಲ, ಟಾನಿಕ್ಕಂತೂ ಏನೂ ಮಾಡದು.

ಕೊಕ್ಕರೆ ರೋಗವೇ ರಾಣಿಖೇತ್ ರೋಗ. ವಿಚಿತ್ರ ನೋಡಿ, 1926ರಲ್ಲಿ ಇದು ಮೊದಲು ದಾಖಲಾದ ಜಾಗಗಳಲ್ಲಿ ಐಕ್‌ಮನ್ನರ ಜಾವಾವೂ ಒಂದು. ಅದೇ ಹೊತ್ತಿಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿತು, ಆಮೇಲೆ ನಮ್ಮ ಕುಮಾವೂ ಬೆಟ್ಟಗಳ ರಾಣಿಖೇತದಲ್ಲಿ. ಲಸಿಕೆ ಹಾಕಿಸದ ಊರಿಗೆ ಹೊಕ್ಕರೆ ಕೇರಿಯ ಕೋಳಿಗಳೆಲ್ಲ ಗುಡಿಸಿದಂತೆ ಹೋಗುತ್ತವೆ. ರೋಗ ಹೊಕ್ಕುವ ದಾರಿಯೂ ಹೆಚ್ಚಾಗಿ ನಮ್ಮ ಕೈಯಿಂದಲೇ. ಸಂತೆಯಿಂದ ತಂದ ಕೋಳಿಯನ್ನು ಅಂದೇ ಗೂಡಿಗೆ ಬಿಡುತ್ತೇವೆ. ಅದನ್ನು ಎರಡು ಮೂರು ವಾರ ಬೇರೆ ಕಡೆ ಕಟ್ಟಿ, ಬೇರೆ ನೀರು, ಬೇರೆ ಮೇವು ಕೊಡಬೇಕು. ಸತ್ತ ಕೋಳಿಯನ್ನು ಕೆರೆ ಅಂಗಳಕ್ಕೆ ಎಸೆದರೆ ನಾಯಿ ಎಳೆದುಕೊಂಡು ಊರೆಲ್ಲ ಹಂಚುತ್ತದೆ. ಸುಣ್ಣ ಹಾಕಿ ಆಳವಾಗಿ ಹೂಳಿ. ಹತ್ತಾರು ಒಟ್ಟಿಗೆ ಸತ್ತರೆ ಪಶು ಆಸ್ಪತ್ರೆಗೆ ತಿಳಿಸಿ, ಹಕ್ಕಿಜ್ವರವೂ ಇರಬಹುದು. ಸಾಯುವ ಮುಂಚೆ ಕೊಯ್ದು ಸಾರು ಮಾಡೋಣ, ಇಲ್ಲವೇ ಬಂದಷ್ಟಕ್ಕೆ ಮಾರೋಣ ಎನ್ನುವ ಆಲೋಚನೆ ಎಲ್ಲಕ್ಕಿಂತ ಕೆಟ್ಟದ್ದು.

ತಡೆಯುವ ದಾರಿ ಲಸಿಕೆ. ಮರಿಗೆ 5ರಿಂದ 7 ದಿನವಾದಾಗ ಎಫ್-1 ಅಥವಾ ಲಸೋಟಾ, ಕಣ್ಣಿಗೋ ಮೂಗಿಗೋ ಒಂದು ಹನಿ. ತಿಂಗಳ ಹೊತ್ತಿಗೆ ಲಸೋಟಾ ಇನ್ನೊಮ್ಮೆ. 8 ವಾರಕ್ಕೆ ಆರ್-2-ಬಿ, ರೆಕ್ಕೆಯ ಕೆಳಗೆ ಚರ್ಮದಡಿ ಚುಚ್ಚುಮದ್ದು. ಇದು ಬಲವಾದ ಲಸಿಕೆ. ಚಿಕ್ಕ ಮರಿಗೆ ಕೊಟ್ಟರೆ ಅದೇ ರೋಗವಾಗಬಹುದು. ಸೊಳ್ಳೆಯಿಂದ ಹರಡುವ ಕೋಳಿಸಿಡುಬಿಗೆ 6 ವಾರದ ಆಸುಪಾಸಿನಲ್ಲಿ ಬೇರೆ ಲಸಿಕೆ ಇದೆ. ಗಂಬೊರೊ ರೋಗಕ್ಕೆ ಎರಡನೆಯ ವಾರದಲ್ಲಿ. ನಿಮ್ಮ ಊರಿನ ಪಶುವೈದ್ಯರು ದಿನಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿ ಹೇಳಿದರೆ ಅವರ ಮಾತನ್ನೇ ಕೇಳಿ.

ಉಳಿದ ಜೋಪಾನವನ್ನು ಬೇಗ ಹೇಳಿಬಿಡುತ್ತೇನೆ. ಗೂಡಿನ ನೆಲ ಒಣಗಿರಲಿ. ಒದ್ದೆ ಹೊಟ್ಟಿನಲ್ಲೇ ರಕ್ತಭೇದಿಯ ಬೀಜ ಬಲಿಯುವುದು. ಅದಕ್ಕೆ ಕೊಡುವ ಆಂಪ್ರೋಲಿಯಂ ಎಂಬ ಔಷಧ ಕೆಲಸ ಮಾಡುವುದು ಬಿ-1ರ ವೇಷ ಹಾಕಿ, ಪರೋಪಜೀವಿಯನ್ನು ಮೋಸಗೊಳಿಸಿ. ಅದರ ಜೊತೆಗೇ ಬಿ-1 ಇರುವ ಟಾನಿಕ್ ಕುಡಿಸಿದರೆ ಔಷಧ ವ್ಯರ್ಥವಾಗುತ್ತದೆ. ಔಷಧದ ದಿನಗಳು ಮುಗಿದ ಮೇಲೆ ಟಾನಿಕ್ ಕೊಡಿ. ಹೇನಿಗೆ ಒಂದು ಮೂಲೆಯಲ್ಲಿ ಬೂದಿ, ಮಣ್ಣು ಗುಡ್ಡೆ ಹಾಕಿದರೆ ಕೋಳಿ ತಾನೇ ಹೊರಳಾಡಿಕೊಳ್ಳುತ್ತದೆ. ಕೂರೆಗಳು ಹಗಲು ಗೂಡಿನ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುವುದರಿಂದ ಕೋಳಿಯ ಜೊತೆ ಬಿರುಕುಗಳನ್ನೂ ನೋಡಿ.

ಟಾನಿಕ್ಕನ್ನು ನೀರಿನಲ್ಲಿ ಬೆರೆಸಿದರೆ ಸಂಜೆ ಉಳಿದದ್ದನ್ನು ಚೆಲ್ಲಿ, ಪಾತ್ರೆ ಉಜ್ಜಿ. ಸೀಸೆಯನ್ನು ಬಿಸಿಲಿಗಿಟ್ಟರೆ ಬಿ-2 ಬೆಳಕಿಗೇ ಕೆಡುತ್ತದೆ. ಎ ಮತ್ತು ಡಿ ಮೈಯಲ್ಲೇ ಉಳಿಯುತ್ತವೆ, ತಿಂಗಳುಗಟ್ಟಲೆ ಕೊಟ್ಟರೆ ವಿಷವಾಗುತ್ತವೆ. ಸೀಸೆಯ ಮೇಲೆ ಬರೆದ ಅಳತೆ ಮೀರಬೇಡಿ.

ಕೊನೆಗೆ ಒಂದು ತೊಡಕಿನ ಮಾತು. ಟಾನಿಕ್ ಒಂದು ಮನೆಯ ಅಳತೆಗೆ ಸಿಗುತ್ತದೆ. ಲಸಿಕೆ ಹಾಗಲ್ಲ. ಅದರ ಸಣ್ಣ ಸೀಸೆಯಲ್ಲೇ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಐಸಿನಲ್ಲೇ ತರಬೇಕು, ದ್ರವ ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಯವರು ಒಬ್ಬರೇ ಹೋಗಿ ಕೇಳಿದರೆ ಬರಿಗೈಯಲ್ಲಿ ಬರುವುದು ಇದಕ್ಕೇ. ಆದ್ದರಿಂದ ಕೇರಿಯ ಹತ್ತು ಮನೆಯವರು ಸೇರಿ ದಿನ ಗೊತ್ತುಮಾಡಿ, ಪಶು ಆಸ್ಪತ್ರೆಗೋ ಪಶು ಸಖಿಗೋ ಮೊದಲೇ ಹೇಳಿಡಿ. ವಾರ ಮುಂಚೆ ಜಂತುಹುಳುವಿನ ಔಷಧ ಕೊಟ್ಟಿರಿ. ಆ ಬೆಳಿಗ್ಗೆ ಯಾರೂ ಗೂಡಿನ ಬಾಗಿಲು ತೆಗೆಯಬೇಡಿ. ಒಮ್ಮೆ ಹೊರಬಿದ್ದ ನಾಟಿ ಕೋಳಿಯನ್ನು ಎರಡು ಗಂಟೆಯಲ್ಲಿ ಹಿಡಿಯುವುದು ಆಗದ ಮಾತು. ತೂಕಡಿಸುವ ಕೋಳಿಗೆ ಲಸಿಕೆ ಬೇಡ. ಚುಚ್ಚಿಸಿಕೊಂಡ ಕೋಳಿಗಳಿಗೆ ಮುಂದಿನ ಮೂರು ದಿನ ನೀರಿನಲ್ಲಿ ವಿಟಮಿನ್ ಬೆರೆಸಿ ಕೊಡಿ, ಟಾನಿಕ್ಕಿಗೆ ಇದು ಒಳ್ಳೆಯ ಸಮಯ. ಉಳಿದ ಲಸಿಕೆಯನ್ನು ನಾಳೆಗೆಂದು ಇಡಬೇಡಿ, ಸೀಸೆ ಸಮೇತ ಕುದಿಸಿ ಹೂತುಬಿಡಿ.