ಕಡೇ ಬೆಂಚಿಗೂ ಕೇಳಿಸಲಿ



ನಾನು ಎಂಟನೇ ತರಗತಿಯಲ್ಲಿದ್ದಾಗ ನಡೆದ ಒಂದು ಸಂಗತಿ ಹೇಳುತ್ತೇನೆ. ಶೀಟಿನ ಕೊಠಡಿ, ಜೋರು ಮಳೆ. ಮೇಷ್ಟ್ರು "ಕೋಶ ಅಂದರೇನು?" ಎಂದು ಕೇಳಿದರು. ಕಡೇ ಬೆಂಚಿನ ನನ್ನ ಗೆಳೆಯ ಎದ್ದು ನಿಂತು, "ದೋಸೆ ಅಂದ್ರೆ ತಿನ್ನೋದು ಸಾರ್" ಎಂದ. ತಲೆಹರಟೆ ಎಂದು ಏಟು ಬಿತ್ತು. ಅವನಿಗೆ ಕಿವಿ ಸೋರುತ್ತಿದ್ದುದು ಪಕ್ಕದಲ್ಲೇ ಕೂರುತ್ತಿದ್ದ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ; ಎಲ್ಲರ ಜೊತೆ ನಕ್ಕೆ. ಮರುವರ್ಷ ಅವನು ಶಾಲೆಗೆ ಬರಲಿಲ್ಲ.

ಬಿ.ಇ. ಮುಗಿಸಿ, ಫೋನ್ ಕರೆಗಳಲ್ಲಿ ಗದ್ದಲ ಕಳೆದು ಮಾತು ಉಳಿಸುವ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ನನಗೆ ಆ 'ದೋಸೆ' ಅರ್ಥವಾಯಿತು. ಗದ್ದಲದಲ್ಲಿ ಸ್ವರಗಳು ಹೇಗೋ ಉಳಿಯುತ್ತವೆ, ವ್ಯಂಜನಗಳು ಬೇಗ ಮುಳುಗುತ್ತವೆ. ಅವನಿಗೆ ತಲುಪಿದ್ದು 'ಓ' ಎಂಬ ದನಿ ಮಾತ್ರ. ಉಳಿದದ್ದನ್ನು ಮಿದುಳು ಗೊತ್ತಿದ್ದ ಪದದಿಂದ ತುಂಬಿಕೊಂಡಿತು.

ದೊಡ್ಡವರಾದ ನಾವು ಜಾತ್ರೆಯ ಗದ್ದಲದಲ್ಲೂ ಮಾತಾಡಿಕೊಳ್ಳುತ್ತೇವೆ. ಅರ್ಧ ಕೇಳಿದರೂ ಪೂರ್ತಿ ಊಹಿಸುತ್ತೇವೆ. ಮಕ್ಕಳಿಗೆ ಅದು ಸುಲಭವಲ್ಲ. ಒಳಗಿವಿ ಹುಟ್ಟುವಾಗಲೇ ಬಹುಮಟ್ಟಿಗೆ ಬೆಳೆದಿರುತ್ತದೆ. ಆದರೆ ಹಲವು ಸದ್ದುಗಳಿಂದ ಬೇಕಾದ ದನಿಯನ್ನು ಹೆಕ್ಕುವುದನ್ನು ಮಿದುಳು ವರ್ಷಗಟ್ಟಲೆ ಕಲಿಯುತ್ತದೆ. ಫ್ಯಾನಿನಂಥ ಒಂದೇ ಸಮನೆಯ ಸದ್ದನ್ನು ಹತ್ತು ವರ್ಷದ ಹೊತ್ತಿಗೆ ಮಕ್ಕಳು ಹೆಚ್ಚುಕಡಿಮೆ ನಮ್ಮಂತೆಯೇ ನಿಭಾಯಿಸುತ್ತಾರೆ. ಪಕ್ಕದಲ್ಲಿ ಬೇರೆಯವರು ಮಾತಾಡುತ್ತಿದ್ದರೆ ಮಾತ್ರ ಆ ಶಕ್ತಿ ಬಲಿಯಲು ಹದಿಹರೆಯ ಬೇಕು. ಅಂದರೆ ನಮ್ಮ ಹೈಸ್ಕೂಲ್ ಮಕ್ಕಳು ಇನ್ನೂ ಕಲಿಯುತ್ತಲೇ ಇದ್ದಾರೆ. ಹೊಸ ಪದಗಳಿರುವ ವಿಜ್ಞಾನದ ಪಾಠದಲ್ಲಿ, ಇಂಗ್ಲಿಷ್ ಪಾಠದಲ್ಲಿ ಊಹೆಗೂ ಆಧಾರವಿರುವುದಿಲ್ಲ.

ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. ಕೊಠಡಿಯೊಳಗೆ ಅಷ್ಟು ಇಳಿಯದಿದ್ದರೂ ಬರಿಗೋಡೆಗಳ ಮಾರ್ದನಿ ಮಾತನ್ನು ಕಲಸುತ್ತದೆ. ಮೇಷ್ಟ್ರ ದನಿ ಸುತ್ತಲಿನ ಸದ್ದಿಗಿಂತ 15 ಡೆಸಿಬಲ್ ಮೇಲಿರಬೇಕು ಎನ್ನುತ್ತಾರೆ ತಜ್ಞರು. ಶೀಟಿನ ಮೇಲೆ ಮಳೆ ಸುರಿಯುವಾಗ ಯಾವ ಮೇಷ್ಟ್ರ ಗಂಟಲಿಗೂ ಅದು ಸಾಧ್ಯವಿಲ್ಲ.

ಹಳೆಯ ವಿದ್ಯಾರ್ಥಿಗಳ ನಿಧಿಯಿಂದ ಏನು ಕೊಡಿಸಬೇಕೆಂಬ ಚರ್ಚೆ ನಡೆದಿದೆ. ಸ್ಮಾರ್ಟ್ ಬೋರ್ಡ್ ಆಮೇಲೆ ಬರಲಿ. ಮೊದಲು ಶೀಟಿನ ಕೊಠಡಿಗಳಿಗೆ ಒಳಚಾವಣಿ ಹಾಕಿಸೋಣ. ನನ್ನ ಪಾಲು ನಾನು ಕೊಡುತ್ತೇನೆ. ಗುರುಗಳಲ್ಲಿ ಒಂದು ವಿನಂತಿ: ತಪ್ಪು ಉತ್ತರ ಕೊಟ್ಟ ಮಗುವನ್ನು ಗದರುವ ಮೊದಲು ಪ್ರಶ್ನೆ ಏನು ಕೇಳಿಸಿತು ಎಂದು ವಿಚಾರಿಸಿ. ತಂದೆತಾಯಂದಿರೇ, ಕಿವಿ ಸೋರಿದರೆ ಎಣ್ಣೆ ಬಿಟ್ಟು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ.

ನನ್ನ ಗೆಳೆಯ ಇಂದು ಇಲ್ಲೇ ಕುಳಿತಿದ್ದಾನೆ. ಅವನ ಮಗಳು ಈಗ ಅದೇ ಕೊಠಡಿಯಲ್ಲಿ ಎಂಟನೇ ತರಗತಿ ಓದುತ್ತಿದ್ದಾಳೆ. ಅಂದು ನಕ್ಕಿದ್ದಕ್ಕೆ ಅವನಲ್ಲಿ ಈ ವೇದಿಕೆಯಿಂದ ಕ್ಷಮೆ ಕೇಳುತ್ತೇನೆ. ಮುಂದಿನ ಮಳೆಗಾಲದೊಳಗೆ ಆ ಕೆಲಸ ಮುಗಿಸೋಣ.