'ಅರ್ಥವಾಯಿತೇ?' ಎಂದು ಕೇಳಿದರೆ ಸಾಲದು
(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ದಾಟಿ ಬಿ.ಇ.ಗೆ ಹೋದ ನಮ್ಮ ಮಕ್ಕಳಲ್ಲಿ ಕೆಲವರು ಮೊದಲ ವರ್ಷವೇ ಗಣಿತ, ಭೌತಶಾಸ್ತ್ರಗಳಲ್ಲಿ ಎಡವುತ್ತಾರೆ. ಇಲ್ಲಿ ತರಗತಿಗೇ ಮುಂದಿದ್ದವರು ಅಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರುತ್ತಾರೆ. 'ಕನ್ನಡ ಮಾಧ್ಯಮ, ಇಂಗ್ಲಿಷ್ ಬರುವುದಿಲ್ಲ, ಪಾಪ' ಎಂದು ಊರಿನಲ್ಲಿ ಮಾತಾಗುತ್ತದೆ. ಭಾಷೆಯ ತೊಡಕು ನಿಜ. ಆದರೆ ಕಾಲೇಜಿನಲ್ಲಿ ಪಾಠ ನಡೆಯುವ ರೀತಿಯೂ ಅಷ್ಟೇ ಕಾರಣ ಎಂಬುದು ನನ್ನ ಅಭಿಪ್ರಾಯ.

ನಾನು ಓದಿದ ಕಾಲೇಜಿನಲ್ಲಿ ಉಪನ್ಯಾಸಕರು ಬೋರ್ಡ್ ತುಂಬ ಬರೆಯುತ್ತಿದ್ದರು, ನಾವು ಇಳಿಸಿಕೊಳ್ಳುತ್ತಿದ್ದೆವು. ಕೊನೆಗೆ 'ಅರ್ಥವಾಯಿತೇ?' ಎಂದರೆ 'ಆಯ್ತು ಸಾರ್' ಎಂಬ ಒಕ್ಕೊರಲು. ಅರ್ಥವಾಗದವನು ಅಷ್ಟು ಜನರೆದುರು ಎದ್ದು ನಿಂತು, ಅದೂ ಇಂಗ್ಲಿಷಿನಲ್ಲಿ, ಹಾಗೆಂದು ಹೇಳುವುದುಂಟೇ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಬರೆದವರು 'ಸರಿಯಿದೆ' ಎಂದ ಮಾತ್ರಕ್ಕೆ ಯಾವ ಪ್ರೋಗ್ರಾಂ ಕೂಡ ಹೊರಗೆ ಹೋಗುವುದಿಲ್ಲ. ಟೆಸ್ಟ್ ಮಾಡಿಯೇ ಕಳಿಸುತ್ತೇವೆ. ಪಾಠಕ್ಕೂ ಅದೇ ಬೇಕು.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರ ಪ್ರಾಧ್ಯಾಪಕರಿದ್ದಾರೆ. ಅವರ ಉಪನ್ಯಾಸವನ್ನು ವಿದ್ಯಾರ್ಥಿಗಳು ಮೆಚ್ಚುತ್ತಿದ್ದರು, ಕಠಿಣ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. 1990ರ ಸುಮಾರಿಗೆ ಅವರು ನ್ಯೂಟನ್ನನ ನಿಯಮಗಳ ಮೇಲೆ ತೀರ ಸರಳ ಪ್ರಶ್ನೆಗಳನ್ನು ಕೊಟ್ಟು ನೋಡಿದರು. ದೊಡ್ಡ ಲಾರಿ ಸಣ್ಣ ಕಾರಿಗೆ ಗುದ್ದಿದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂಥವು. ಎರಡೂ ಸಮ ಎಂಬುದು ಮೂರನೆಯ ನಿಯಮ. ನಿಯಮವನ್ನು ಬಾಯಿಪಾಠ ಹೇಳಬಲ್ಲವರೇ ಬಹಳ ಮಂದಿ ತಪ್ಪು ಉತ್ತರ ಬರೆದರು.

ಆಮೇಲೆ ಅವರು ಪಾಠದ ಕ್ರಮವನ್ನೇ ಬದಲಿಸಿದರು. ಸ್ವಲ್ಪ ಹೊತ್ತು ವಿವರಣೆ, ನಂತರ ನಾಲ್ಕು ಉತ್ತರಗಳಿರುವ ಒಂದು ಪ್ರಶ್ನೆ. ಪ್ರತಿಯೊಬ್ಬರೂ ತಾವೇ ಯೋಚಿಸಿ ಒಂದನ್ನು ಆರಿಸಬೇಕು. ಉತ್ತರಗಳು ಹಂಚಿಹೋದರೆ ಪಕ್ಕದವರೊಡನೆ ಎರಡು ನಿಮಿಷ ವಾದ ಮಾಡಿ ಮತ್ತೆ ಆರಿಸಬೇಕು. ಕೊನೆಗೆ ಮೇಷ್ಟ್ರ ವಿವರಣೆ.

ಇದರಿಂದ ಪ್ರಯೋಜನವುಂಟೇ? ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಒಂದು ವರದಿ ಬಂತು. ಬರೀ ಉಪನ್ಯಾಸದ ತರಗತಿಗಳಲ್ಲಿ ಸುಮಾರು ಶೇ. 34 ಮಂದಿ ಫೇಲಾಗಿದ್ದರೆ, ವಿದ್ಯಾರ್ಥಿಗಳನ್ನು ಹೀಗೆ ಕೆಲಸಕ್ಕೆ ಹಚ್ಚಿದ ತರಗತಿಗಳಲ್ಲಿ ಶೇ. 22 ಮಂದಿ. 2020ರ ಇನ್ನೊಂದು ವರದಿಯಂತೆ, ಅಮೆರಿಕದ ಬಡ ಹಾಗೂ ಅವಕಾಶವಂಚಿತ ಸಮುದಾಯಗಳ ವಿದ್ಯಾರ್ಥಿಗಳಿಗೂ ಉಳಿದವರಿಗೂ ತೇರ್ಗಡೆಯಲ್ಲಿದ್ದ ಅಂತರ ಶೇ. 45ರಷ್ಟು ಕುಗ್ಗಿತ್ತು. ನಮ್ಮಂಥ ಹಳ್ಳಿಯ ಶಾಲೆಗೆ ಈ ಮಾತು ಮುಖ್ಯ.

ಒಂದು ಎಚ್ಚರಿಕೆಯೂ ಇದೆ. 2019ರಲ್ಲಿ ಹಾರ್ವರ್ಡಿನಲ್ಲೇ ನಡೆದ ಅಧ್ಯಯನದಲ್ಲಿ, ಇಂಥ ತರಗತಿಯ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರೂ ಕಡಿಮೆ ಕಲಿತೆವೆಂದೇ ಭಾವಿಸಿದ್ದರು. ತಲೆಗೆ ಕೆಲಸ ಬಿದ್ದಾಗ ಕಷ್ಟವೆನಿಸುತ್ತದೆ. ಆದ್ದರಿಂದ ಮೊದಲ ತಿಂಗಳ ಗೊಣಗಾಟಕ್ಕೆ ಮೇಷ್ಟ್ರು ಬೇಸರಪಡಬಾರದು.

ನಮ್ಮಲ್ಲಿ ಹಲವರು ಕಾಲೇಜು ಉಪನ್ಯಾಸಕರಾಗಿದ್ದೀರಿ. 'ಸಿಲಬಸ್ ಮುಗಿಯುವುದಿಲ್ಲ' ಎಂಬ ನಿಮ್ಮ ಕಷ್ಟ ನನಗೆ ಗೊತ್ತು. ಗಂಟೆಗೆ ಒಂದೇ ಪ್ರಶ್ನೆಯಿಂದ ಆರಂಭಿಸಿ. ಐದಾರು ನಿಮಿಷ ಸಾಕು. ಯಂತ್ರ ಬೇಡ, ರಟ್ಟಿನ ಮೇಲೆ ಎ, ಬಿ, ಸಿ, ಡಿ ಬರೆದರಾಯಿತು. ಮುಖ್ಯವಾಗಿ, ಆ ಎರಡು ನಿಮಿಷದ ಚರ್ಚೆ ಕನ್ನಡದಲ್ಲಿ ನಡೆಯಲಿ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಲಿ, ಅರ್ಥ ಮಾತ್ರ ತನಗೆ ಬರುವ ಭಾಷೆಯಲ್ಲಿ ಮೊದಲು ಆಗಲಿ.

ಈ ಶಾಲೆಯ ಗುರುಗಳಲ್ಲಿ ಒಂದು ವಿನಂತಿ. ಎಂಟನೇ ತರಗತಿಯಿಂದಲೇ ಮಕ್ಕಳಿಗೆ ಪಕ್ಕದವರೊಡನೆ ವಾದಿಸುವ, ಗೊತ್ತಿಲ್ಲವೆಂದು ಧೈರ್ಯವಾಗಿ ಹೇಳುವ ಅಭ್ಯಾಸ ಮಾಡಿಸಿ. ತಂದೆತಾಯಂದಿರೇ, ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ ಉಳಿದುಕೊಂಡಿತೆಂದು ಮಗಳನ್ನು ಓದು ಬಿಡಿಸಬೇಡಿ. ಪ್ರಶ್ನೆಗಳನ್ನು ತಯಾರಿಸಲು, ರಜೆಯಲ್ಲಿ ಬಂದು ಮಕ್ಕಳೊಡನೆ ಕೂರಲು ನನ್ನಂಥ ಹಳೆಯ ವಿದ್ಯಾರ್ಥಿಗಳು ಸಿದ್ಧರಿದ್ದೇವೆ, ಕರೆಯಿರಿ.