ಮರೆವು ಮತ್ತು ಮದ್ದು

ಬೆಟ್ಟದಪುರದಲ್ಲಿ ಹುಟ್ಟಿ ಬೆಳೆದವರಿಗೆ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ಬೆಟ್ಟದ ಮೆಟ್ಟಿಲುಗಳನ್ನು ಎಣಿಸಿಕೊಂಡು ಹತ್ತುವುದು ಎಳವೆಯ ಒಂದು ಪಂದ್ಯ. ಹುಡುಗರಾಗಿದ್ದಾಗ ನಾವು ಹರಟುತ್ತಲೇ ಹತ್ತುತ್ತಿದ್ದೆವು. ಎಣಿಕೆ ಮಾತ್ರ ತಪ್ಪುತ್ತಿರಲಿಲ್ಲ. ಈಗ ಐವತ್ತು ದಾಟಿದ ಮೇಲೆ, ಎದುರಿಗೆ ಇಳಿದು ಬರುವವರು ಯಾರಾದರೂ "ಏನು ಮೇಷ್ಟರೆ, ಕ್ಷೇಮವೆ?" ಎಂದರೆ ಸಾಕು, ನಾನೂರೋ ಐನೂರೋ ತಿಳಿಯದೆ ನಿಂತುಬಿಡುತ್ತೇನೆ. ಉಸಿರು ಕಟ್ಟಿದ್ದಕ್ಕೆ ನಾನು ಅಷ್ಟಾಗಿ ಅಂಜಲಿಲ್ಲ. ಎಣಿಕೆ ತಪ್ಪಿದ್ದಕ್ಕೆ ಅಂಜಿದೆ. ಅಮರಕೋಶವನ್ನೂ ಶಬ್ದಮಣಿದರ್ಪಣದ ಸೂತ್ರಗಳನ್ನೂ ಕಂಠಪಾಠ ಮಾಡಿ ಅದರಿಂದಲೇ ಅನ್ನ ಕಂಡ ನಮ್ಮಂಥ ಪಂಡಿತರಿಗೆ ನೆನಪೇ ಬಂಡವಾಳ. ಬಂಡವಾಳ ಕರಗುತ್ತಿದೆಯೆಂಬ ಶಂಕೆ ಬಂದಾಗ ಯಾವ ವ್ಯಾಪಾರಿ ತಾನೆ ನಿಶ್ಚಿಂತೆಯಿಂದ ನಿದ್ರಿಸಿಯಾನು?

ಶ್ರೋತೃಗಳೆ, ಈ ಅಂಜಿಕೆ ನನ್ನೊಬ್ಬನದಲ್ಲ. ಪಿರಿಯಾಪಟ್ಟಣದಲ್ಲಾಗಲಿ ಹುಣಸೂರಿನಲ್ಲಾಗಲಿ ಔಷಧದ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಜ್ಞಾಪಕಶಕ್ತಿಗೆಂದು ಒಂದು ಇಡೀ ಸಾಲು ಸೀಸೆಗಳು. ಬ್ರಾಹ್ಮಿಯ ಮಾತ್ರೆ, ಅಶ್ವಗಂಧದ ಪುಡಿ, ಮೀನೆಣ್ಣೆಯ ಗುಳಿಗೆ, ಚೀನ ದೇಶದ ಗಿಂಕ್ಗೊ ಎಂಬ ಮರದ ಎಲೆಯ ಸಾರ, ಹತ್ತಾರು ಜೀವಸತ್ವಗಳನ್ನು ಒಟ್ಟಿಗೆ ಕಲಸಿದ ಬಣ್ಣದ ಮಾತ್ರೆ. ಮೊದಲು ಇವು ಪರೀಕ್ಷೆಗೆ ಕೂರುವ ಹುಡುಗರಿಗಾಗಿ ಇದ್ದವು. ಈಗ ಅವರ ತಾತಂದಿರಿಗೂ ಬಂದಿವೆ. ಇವುಗಳಲ್ಲಿ ಯಾವುದು ಸಾರ, ಯಾವುದು ನಿಸ್ಸಾರ ಎಂದು ವಿಚಾರಿಸಲು ನನಗೊಂದು ಕಾರಣ ಒದಗಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಬ್ರಾಹ್ಮಿಯ ಮಾತು. ಏಕೆಂದರೆ ಅದು ನಮ್ಮ ಗದ್ದೆಯ ಬದುವಿನದು.

ನಮ್ಮ ಕಡೆ ಬ್ರಾಹ್ಮಿ ಎಂದರೆ ಒಂದೆಲಗ. ಒಂದು ಕಾವಿಗೆ ಒಂದು ದುಂಡನೆಯ ಎಲೆ. ಹೆಸರಿನಲ್ಲಿಯೇ ಆಕಾರ ಅಡಗಿದೆ. ಸರಸ್ವತಿ ಸೊಪ್ಪು ಎಂದೂ ಕರೆಯುವುದುಂಟು. ತುಳುವರು ತಿಮರೆ ಎನ್ನುತ್ತಾರೆ, ತಮಿಳರು ವಲ್ಲಾರೈ ಎನ್ನುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಮಂಡೂಕಪರ್ಣಿ ಎಂದು ಹೆಸರು. ಕೆರೆಯಂಚಿನ ಕೆಸರಿನಲ್ಲಿ ಹಬ್ಬುವ, ಚಿಕ್ಕ ದಪ್ಪ ಎಲೆಯ, ಬಿಳಿಯ ಅಥವಾ ನಸುನೀಲಿಯ ಹೂ ಬಿಡುವ, ಬಾಯಿಗಿಟ್ಟರೆ ಕಹಿಯಾಗುವ ಇನ್ನೊಂದು ಗಿಡವಿದೆ, ಅದು ನೀರುಬ್ರಾಹ್ಮಿ. ಉತ್ತರದೇಶದ ವೈದ್ಯರು ಬ್ರಾಹ್ಮಿ ಎಂದಾಗ ಬಹುಮಟ್ಟಿಗೆ ಈ ಎರಡನೆಯದನ್ನು ಹೇಳುತ್ತಾರೆ. ಎರಡೂ ಬೇರೆ ಬೇರೆ ಕುಲದ ಸಸ್ಯಗಳು. ಒಂದೆಲಗಕ್ಕೆ ಕೊತ್ತಂಬರಿ ದೂರದ ನೆಂಟ. ನೀರುಬ್ರಾಹ್ಮಿಗೆ ಆ ನೆಂಟಸ್ತಿಕೆಯೂ ಇಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ನಾಲ್ಕು ಮೇಧ್ಯರಸಾಯನಗಳನ್ನು ಹೇಳಿದೆ. ಮಂಡೂಕಪರ್ಣಿಯ ರಸ, ಹಾಲಿನೊಡನೆ ಯಷ್ಟಿಮಧುವಿನ ಚೂರ್ಣ, ಗುಡೂಚಿಯ ಎಂದರೆ ನಮ್ಮ ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಬ್ರಾಹ್ಮಿ ಎಂಬ ಶಬ್ದ ಈ ನಾಲ್ವರಲ್ಲಿ ಇಲ್ಲ! ಹೀಗಿರುವಲ್ಲಿ, ಸೀಸೆಯ ಮೇಲೆ ಬರಿದೆ ಬ್ರಾಹ್ಮಿ ಎಂದು ಬರೆದಿದ್ದರೆ ಒಳಗೆ ಯಾವ ಗಿಡವಿದೆ ಎಂದು ಕೇಳುವುದು ಪಾಂಡಿತ್ಯದ ಜಗಳವಲ್ಲ, ಗಿರಾಕಿಯ ಹಕ್ಕು.

ಈಗಿನ ಕಾಲದ ಪರೀಕ್ಷೆಗಳು ಹೆಚ್ಚಾಗಿ ನಡೆದಿರುವುದು ನೀರುಬ್ರಾಹ್ಮಿಯ ಮೇಲೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ಅದರೊಳಗಿನ ಬ್ಯಾಕೊಸೈಡ್ ಎಂಬ ಸತ್ವವನ್ನು ಬಹುಕಾಲ ಶೋಧಿಸಿದರು. ದಿನಕ್ಕೆ 300 ಮಿಲಿಗ್ರಾಂ ಸಾರವನ್ನು 12 ವಾರ ಕೊಟ್ಟು ನೋಡಿದ ಕೆಲವು ಪ್ರಯೋಗಗಳಲ್ಲಿ, ಕೇಳಿದ ಪದಗಳನ್ನು ಮರಳಿ ಹೇಳುವ ಶಕ್ತಿ ಅಷ್ಟಿಷ್ಟು ಉತ್ತಮಗೊಂಡಂತೆ ಕಂಡಿದೆ. ಆದರೆ ಆ ಪ್ರಯೋಗಗಳು ಚಿಕ್ಕವು. ಅಲ್ಪಕಾಲದವು. ಮುಪ್ಪಿನ ಮತಿಭ್ರಮೆಯನ್ನು ಅದು ತಡೆಯುತ್ತದೆಂದು ಯಾರೂ ತೋರಿಸಿಕೊಟ್ಟಿಲ್ಲ. ಹೊಟ್ಟೆ ಕೆಡುವುದು, ವಾಕರಿಕೆ ಕೆಲವರಿಗೆ ಉಂಟು. ಇನ್ನೊಂದು ಎಚ್ಚರ: ನೀರುಬ್ರಾಹ್ಮಿಗೆ ಕೆಸರಿನಲ್ಲಿರುವ ಲೋಹಗಳನ್ನು ಹೀರಿಕೊಳ್ಳುವ ಗುಣವಿದೆ. ಪೇಟೆಯ ಬಚ್ಚಲ ನೀರು ಸೇರುವ ಕೆರೆಯಿಂದ ಕಿತ್ತು ತಂದರೆ ಮೇಧೆಯ ಬದಲು ಸೀಸ ಹೊಟ್ಟೆಗೆ ಹೋದೀತು. 2008ರಲ್ಲಿ ಅಮೆರಿಕೆಯ ಸಂಶೋಧಕರು ಅಂತರ್ಜಾಲದ ಮೂಲಕ ಮಾರುವ 193 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ, ಐದರಲ್ಲಿ ಒಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶ ಸಿಕ್ಕಿತು. ಇದು ಆಯುರ್ವೇದದ ದೋಷವೆಂದು ನಾನು ಹೇಳಲಾರೆ. ಮಾಡುವವರ, ಮಾರುವವರ ದೋಷ.

ಪರದೇಶದ ಸೀಸೆಗಳ ಪಾಡೂ ಇದಕ್ಕಿಂತ ಮೇಲಲ್ಲ. ಗಿಂಕ್ಗೊವನ್ನು ಅಮೆರಿಕೆಯಲ್ಲಿ 75 ವರ್ಷ ಮೇಲ್ಪಟ್ಟ 3,069 ಜನರ ಮೇಲೆ ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ದಿನಕ್ಕೆರಡು ಬಾರಿ ನಿಜವಾದ ಸಾರ, ಉಳಿದವರಿಗೆ ಬರಿಯ ತೋರಿಕೆಯ ಮಾತ್ರೆ. ಆರು ವರ್ಷಗಳಷ್ಟು ಕಾಲ ಕಾದು 2008ರಲ್ಲಿ ಲೆಕ್ಕ ಹಾಕಿದಾಗ, ಬುದ್ಧಿ ಕುಂದಿದವರ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಬುದ್ಧಿಮಾಂದ್ಯವನ್ನು ತಡೆಯುವುದಕ್ಕೆಂದು ಬಿ ಮತ್ತು ಇ ಜೀವಸತ್ವಗಳನ್ನೂ ಮೀನೆಣ್ಣೆಯ ಜಾತಿಯ ಕೊಬ್ಬುಗಳನ್ನೂ ಹಲವು ಸತ್ವಗಳ ಮಿಶ್ರಣವನ್ನೂ ಶಿಫಾರಸು ಮಾಡಬಾರದೆಂದು ಹೇಳಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅನಂತರ 2022ರಲ್ಲಿ ಪ್ರಕಟವಾದ ಕಾಸ್ಮಾಸ್ ಎಂಬ ಪರೀಕ್ಷೆಯಲ್ಲಿ, ಎರಡು ಸಾವಿರಕ್ಕೂ ಹೆಚ್ಚು ವೃದ್ಧರಲ್ಲಿ, ದಿನಕ್ಕೊಂದು ಬಹುಸತ್ವದ ಮಾತ್ರೆ ತೆಗೆದುಕೊಂಡವರಿಗೆ ಅಲ್ಪ ಲಾಭ ಕಂಡಿತು. ಅಲ್ಪ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನು ನನ್ನ ಕಾರಣಕ್ಕೆ ಬರುತ್ತೇನೆ.

ನನ್ನ ತಾಯಿಯವರಿಗೆ ಈಗ 79. ಶಾಲೆಯಲ್ಲಿ ಅವರು ಕಲಿತದ್ದು ಕಡಮೆ. ಆದರೆ ಜೈಮಿನಿ ಭಾರತದ ಚಂದ್ರಹಾಸನ ಕಥೆ ಅವರಿಗೆ ಬಾಯಿಗೆ ಬರುತ್ತಿತ್ತು. ತರಕಾರಿ ಹೆಚ್ಚುತ್ತ, ಅಕ್ಕಿ ಆರಿಸುತ್ತ ವಾರ್ಧಕ ಷಟ್ಪದಿಯನ್ನು ರಾಗವಾಗಿ ಹೇಳಿಕೊಳ್ಳುವುದು ಅವರ ವಾಡಿಕೆ. ನಾನು ಛಂದಸ್ಸನ್ನು ಮೊದಲು ಕಲಿತದ್ದು ಅಡುಗೆಮನೆಯ ಹೊಸ್ತಿಲ ಮೇಲೆ, ಗಣವೆಂದರೇನೆಂದು ತಿಳಿಯುವ ಮೊದಲು. ನಾಲ್ಕು ವರ್ಷದ ಹಿಂದೆ ಒಂದು ದಿನ ನಡುಪದ್ಯದಲ್ಲಿ ನಿಂತರು. ನಾನು ಎತ್ತಿಕೊಟ್ಟೆ, ನಕ್ಕು ಮುಂದುವರಿಸಿದರು. ಆಮೇಲೆ ನಿಲ್ಲುವುದು ಹೆಚ್ಚಾಯಿತು. ಆಮೇಲೆ ಹೇಳುವುದೇ ನಿಂತಿತು. ಒಲೆಯ ಮೇಲೆ ಹಾಲು ಉಕ್ಕಿ ಆರಿಹೋಗುತ್ತಿತ್ತು. ಮೊಮ್ಮಗಳನ್ನು ಮಗಳ ಹೆಸರಿನಿಂದ ಕೂಗುತ್ತಿದ್ದರು. ವಯಸ್ಸು ತಾನೆ ಎಂದುಕೊಂಡೆವು. ನೆಂಟರೊಬ್ಬರು ಒಂದು ಸೀಸೆಯನ್ನು ಹೊಗಳಿ ತಂದುಕೊಟ್ಟರು. ಅದು ಮುಗಿದಾಗ ಇನ್ನೊಂದನ್ನು ನಾನೇ ತಂದೆ. ಹೀಗೆ ಹದಿನಾಲ್ಕು ತಿಂಗಳು.

ಈ ನಡುವೆ ಅಮ್ಮ ಒಂದು ಮಾತನ್ನು ಹೇಳುತ್ತಿದ್ದರು: "ಕಾಲಡಿಗೆ ಹತ್ತಿ ಕಟ್ಟಿದ ಹಾಗಿದೆ, ನೆಲ ತಿಳಿಯುವುದಿಲ್ಲ." ರಾತ್ರಿ ದೀಪ ಆರಿದ ಮೇಲೆ ಗೋಡೆ ಹಿಡಿದು ನಡೆಯುತ್ತಿದ್ದರು. ಅದನ್ನೂ ನಾವು ಮುಪ್ಪಿನ ಲೆಕ್ಕಕ್ಕೇ ಬರೆದುಬಿಟ್ಟೆವು. ಕಡೆಗೆ ಮೈಸೂರಿನಲ್ಲಿ ಒಬ್ಬ ವೈದ್ಯರು, ಮೆದುಳಿನ ವಿಚಾರವನ್ನು ಬದಿಗಿಟ್ಟು, ಅಡುಗೆಮನೆಯ ವಿಚಾರವನ್ನು ಕೇಳಿದರು. ಹಾಲು ಕುಡಿಯುತ್ತೀರಾ? ಇಲ್ಲ, ಒಗ್ಗುವುದಿಲ್ಲವೆಂದು ಬಿಟ್ಟು ಏಳೆಂಟು ವರ್ಷವಾಯಿತು. ಕಾಫಿಯೂ ಕಪ್ಪು ಕಾಫಿ. ಮೊಸರು? ಕೆಮ್ಮೆಂದು ಅದೂ ಇಲ್ಲ. ಹೊಟ್ಟೆಯುರಿಗೆ ಮಾತ್ರೆ? ದಿನವೂ, ಬಹುಕಾಲದಿಂದ. ರಕ್ತಪರೀಕ್ಷೆಯಲ್ಲಿ ಬಿ12 ಎಂಬ ಜೀವಸತ್ವ 200ಕ್ಕೆ ಮೇಲಿರಬೇಕಾದ ಕಡೆ 92 ಇತ್ತು. ಆ ಪರೀಕ್ಷೆಗೆ ತಗುಲಿದ್ದು ಎರಡು ಸೀಸೆಗಳ ಹಣ.

ಈ ಬಿ12 ವಿಚಿತ್ರವಾದ ವಸ್ತು. ಗಿಡಮರಗಳು ಇದನ್ನು ತಯಾರಿಸಲಾರವು. ದನಕರುಗಳೂ ಸ್ವತಃ ತಯಾರಿಸಲಾರವು. ತಯಾರಿಸುವವು ಸೂಕ್ಷ್ಮಜೀವಿಗಳು. ಹಸುವಿನ ಹೊಟ್ಟೆಯಲ್ಲಿ ಅವು ಮಾಡಿದ್ದು ಹಾಲಿಗೆ ಇಳಿಯುತ್ತದೆ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಬಿಟ್ಟರೆ ನಮಗೆ ಬೇರೆ ದಾರಿಯಿಲ್ಲ. ಸೊಪ್ಪು, ಬೇಳೆ, ರಾಗಿ ಎಷ್ಟು ಉಂಡರೂ ಇದು ದೊರೆಯದು. ಬೇಕಾಗುವುದು ದಿನಕ್ಕೆ ಎರಡು ಎರಡೂವರೆ ಮೈಕ್ರೋಗ್ರಾಂ. ಎಂದರೆ ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಎರಡೂವರೆ ಪಾಲು. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಪಾಲು ಸಿಕ್ಕೀತು. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಲುವಷ್ಟು ದಾಸ್ತಾನು ಇರುವುದರಿಂದ, ಹಾಲು ಬಿಟ್ಟ ಮರುದಿನ ಏನೂ ಆಗುವುದಿಲ್ಲ. ಕಣಜ ಬರಿದಾದ ಮೇಲೆ ತಿಳಿಯುತ್ತದೆ. ವಯಸ್ಸಾದಂತೆ ಹೊಟ್ಟೆಯ ಒಳಪದರ ತೆಳುವಾಗಿ, ಆಹಾರದಿಂದ ಇದನ್ನು ಬಿಡಿಸಿಕೊಳ್ಳುವ ಆಮ್ಲ ಕುಗ್ಗುತ್ತದೆ. ಹೊಟ್ಟೆಯುರಿಯ ಮಾತ್ರೆಗಳು ಅದನ್ನು ಇನ್ನೂ ಕುಗ್ಗಿಸುತ್ತವೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೂಡ ಬಹುಕಾಲ ನುಂಗಿದರೆ ಬಿ12 ಹೀರುವುದನ್ನು ತಗ್ಗಿಸುತ್ತದೆ. ಹಾಗೆಂದು ಯಾರೂ ನನ್ನ ಮಾತು ಕೇಳಿ ಮಾತ್ರೆ ನಿಲ್ಲಿಸಬಾರದು. ವೈದ್ಯರನ್ನು ಕೇಳಿ ರಕ್ತವನ್ನು ನೋಡಿಸಬೇಕು.

ಇದು ಬೆಳಕಿಗೆ ಬಂದ ಕಥೆಯೂ ಸ್ವಾರಸ್ಯವಾಗಿದೆ. ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು 1926ರಲ್ಲಿ, ಮಾರಕವಾದ ಒಂದು ಬಗೆಯ ರಕ್ತಹೀನತೆಗೆ ಪ್ರಾಣಿಯ ಯಕೃತ್ತನ್ನು ತಿನ್ನಿಸಿ ರೋಗಿಗಳನ್ನು ಉಳಿಸಿದರು. ಆ ಯಕೃತ್ತಿನಲ್ಲಿದ್ದ ಕೆಂಪು ಹರಳನ್ನು ಬೇರ್ಪಡಿಸಿದ್ದು 1948ರಲ್ಲಿ. ಅದರ ಒಳರಚನೆಯನ್ನು 1956ರಲ್ಲಿ ಬಿಡಿಸಿ ತೋರಿದವರು ಡೊರೊತಿ ಹಾಡ್ಜ್‌ಕಿನ್ ಎಂಬ ವಿದುಷಿ. 1964ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತು. ನರಗಳ ಮೇಲಿನ ಹೊದಿಕೆ ಸರಿಯಾಗಿರಲು ಈ ಹರಳು ಬೇಕು. ಇಲ್ಲದಿದ್ದರೆ ಕಾಲು ಜೋಮು ಹಿಡಿಯುತ್ತದೆ, ನಡಿಗೆ ತಪ್ಪುತ್ತದೆ, ಮನಸ್ಸು ಮಂಕಾಗುತ್ತದೆ. ಬೇಗ ಕಂಡುಹಿಡಿದರೆ ಬಹುಮಟ್ಟಿಗೆ ಮರಳುತ್ತದೆ. ತಡವಾದರೆ ಮರಳದು.

ಅಮ್ಮನಿಗೆ ಚುಚ್ಚುಮದ್ದು ಆರಂಭವಾಯಿತು. ಮೂರು ತಿಂಗಳಲ್ಲಿ ಮೊಮ್ಮಗಳ ಹೆಸರು ಮೊಮ್ಮಗಳಿಗೇ ಮರಳಿತು. ಹಾಲು ಉಕ್ಕುವ ಮೊದಲು ಇಳಿಸುತ್ತಾರೆ. ಕಾಲಿನ ಹತ್ತಿ ಮಾತ್ರ ಪೂರ್ತಿ ಬಿಚ್ಚಲಿಲ್ಲ. ಆ ಹದಿನಾಲ್ಕು ತಿಂಗಳ ಮೊದಲೇ ಬಂದಿದ್ದರೆ ಎಂದು ವೈದ್ಯರನ್ನು ಕೇಳಿದೆ. ಅವರು ಸಭ್ಯರು, ಉತ್ತರ ಹೇಳಲಿಲ್ಲ.

ಎಲ್ಲ ಮರೆವೂ ಬಿ12ರ ಕೊರತೆಯಲ್ಲ, ಹೆಚ್ಚಿನವು ಅಲ್ಲ. ಕೊರತೆ ಇಲ್ಲದವರಿಗೆ ಚುಚ್ಚುಮದ್ದು ಕೊಟ್ಟರೆ ನೆನಪು ಹೆಚ್ಚುವುದಿಲ್ಲ. ಥೈರಾಯಿಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆ, ನಿದ್ರೆಯ ಮಾತ್ರೆಗಳು ಕೂಡ ಮರೆವಿನ ವೇಷ ಹಾಕುತ್ತವೆ. ನಿಜವಾದ ಮತಿಕ್ಷಯ ಬೇರೆಯೇ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳು ಮಂದಿಗೂ ಹೆಚ್ಚು ಅದರಲ್ಲಿದ್ದಾರೆಂದು, ಎಂದರೆ 88 ಲಕ್ಷ ಜನರೆಂದು, 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರಲ್ಲಿ ಇದರ ಮೂಲವನ್ನು ಹುಡುಕಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ತೊಡಗಿದ್ದಾರೆ. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ 1966ರವರೆಗೆ ಹುಟ್ಟಿದ ಕೂಸುಗಳ ತೂಕವನ್ನು ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಆ ಕೂಸುಗಳೇ ಮುದುಕರಾದ ಮೇಲೆ ಅವರನ್ನು ಹುಡುಕಿ ನೆನಪಿನ ಪರೀಕ್ಷೆ ಮಾಡಿದರು. ಹೆಚ್ಚು ಓದಿದವರು ಮುಪ್ಪಿನಲ್ಲಿ ಮುಂದಿದ್ದರು. ಮೇಷ್ಟರ ಕಸುಬಿಗೆ ಇಂಥ ಪ್ರಶಸ್ತಿ ಅಪರೂಪವಾದ್ದರಿಂದ ಹೇಳಿದೆ.

ಬಾಕಿ ಉಪಾಯಗಳು ಸೀಸೆಯಲ್ಲಿ ಬರುವಂಥವಲ್ಲ. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಬೇಕು. ಬೀಡಿ ಸಿಗರೇಟು ಬಿಡಬೇಕು. ಹೊಗೆಸೊಪ್ಪು ಬೆಳೆದೇ ಬದುಕುವ ನಮ್ಮ ತಾಲ್ಲೂಕಿನಲ್ಲಿ ನಿಂತು ಇದನ್ನು ಹೇಳಲು ಧೈರ್ಯ ಬೇಕು. ಇನ್ನೊಂದು, ರೇಡಿಯೋ ಇರುವ ಮನೆಯವರಿಗೇ ಸುಲಭವಾಗಿ ಗೊತ್ತಾಗುವಂಥದು: ಮನೆಯ ಹಿರಿಯರು ದಿನದಿನಕ್ಕೆ ರೇಡಿಯೋದ ಧ್ವನಿಯನ್ನು ಏರಿಸುತ್ತಿದ್ದರೆ ಅವರ ಕಿವಿಯನ್ನು ತೋರಿಸಿ. ಕಿವಿ ಮಂದವಾಗುವುದು ಬುದ್ಧಿ ಕುಂದುವುದಕ್ಕೆ ದೊಡ್ಡ ಕಾರಣಗಳಲ್ಲೊಂದೆಂದು 2024ರ ಲ್ಯಾನ್ಸೆಟ್ ಆಯೋಗದ ವರದಿ ಹೇಳುತ್ತದೆ. ಅದು ಲೆಕ್ಕಕ್ಕೆ ಹಿಡಿದ 14 ಕಾರಣಗಳನ್ನೂ ನೀಗಿಸಿದರೆ ನೂರಕ್ಕೆ 45ರಷ್ಟು ಮತಿಕ್ಷಯವನ್ನು ತಡೆಯಬಹುದು ಅಥವಾ ಮುಂದೂಡಬಹುದಂತೆ.

ಒಂದೆಲಗವನ್ನು ನಮ್ಮ ಮನೆಯಲ್ಲಿ ಬಿಟ್ಟಿಲ್ಲ. ಬೇರುಸಹಿತ ಕಿತ್ತು ತೊಳೆದು, ತುಪ್ಪದಲ್ಲಿ ಹುರಿದ ಜೀರಿಗೆ ಮೆಣಸು, ಹಸಿ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ ಮೊಸರಿಗೆ ಕಲಸಿದರೆ ತಂಬುಳಿ. ಕುದಿಸಬಾರದು. ಬೇಸಿಗೆಯಲ್ಲಿ ಅದಕ್ಕೆ ಸಮನಾದ್ದಿಲ್ಲ. ಮೆದುಳಿಗೆ ಖಚಿತವಾಗಿ ಬೇಕಾದ ವಸ್ತು ಆ ತಂಬುಳಿಯಲ್ಲಿದ್ದರೆ ಅದು ಎಲೆಯಲ್ಲಿಲ್ಲ, ಮೊಸರಿನಲ್ಲಿದೆ ಎಂದು ನಾನು ಅಮ್ಮನಿಗೆ ಹೇಳಿದೆ. ಅವರು ಒಪ್ಪಲಿಲ್ಲ. ಆದರೆ ಮೊಸರು ಹೆಚ್ಚು ಹಾಕುತ್ತಾರೆ. ಖಾಲಿಯಾದ ಸೀಸೆಗಳನ್ನು ತೊಳೆದು ಸೀಗೆಪುಡಿ, ಮೆಂತ್ಯ, ಸಾಸಿವೆ ತುಂಬಿ ಸಾಲಾಗಿ ಇಟ್ಟಿದ್ದಾರೆ. ಯಾವುದರಲ್ಲಿ ಏನಿದೆ ಎಂದು ನಾನು ಮುಚ್ಚಳ ತೆಗೆದು ನೋಡಬೇಕು; ಅವರಿಗೆ ನೆನಪಿದೆ.